ಕಿರುಜೀವಿಗಳ ಮುಂದೆ ಮಂಡಿಯೂರಿದ ಕ್ಯಾಮೆರಾ

ಕ್ಯಾಲೆಂಡರಿನಲ್ಲಿ ಹುಲಿಗೆ ಜಾಗ ಉಂಟು. ಆನೆ, ನವಿಲು, ಜಿಂಕೆಗಳಿಗೂ ಉಂಟು. ಸಗಣಿಯನ್ನು ಉಂಡೆ ಕಟ್ಟಿ ಹಿಂಗಾಲುಗಳಿಂದ ಉರುಳಿಸಿಕೊಂಡು ಹೋಗುವ ಹುಳುವಿನ ಚಿತ್ರಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದವರನ್ನು ನಾವಂತೂ ಕಂಡಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲವೆನ್ನಿ. ಕಣ್ಣು ದೊಡ್ಡದನ್ನು ಮೊದಲು ನೋಡುತ್ತದೆ, ಕ್ಯಾಮೆರಾ ಕಣ್ಣನ್ನು ಹಿಂಬಾಲಿಸುತ್ತದೆ. ಆದರೂ ಛಾಯಾಗ್ರಹಣದ ನೂರೆಂಬತ್ತು ವರ್ಷಗಳಿಗೂ ಮಿಕ್ಕ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಿದರೆ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಈ ಸಣ್ಣ ಪ್ರಾಣಿಗಳ ಬೆನ್ನು ಹತ್ತಿ ನಿದ್ದೆ, ಹಣ, ನೆರೆಹೊರೆಯವರ ಗೌರವ ಎಲ್ಲವನ್ನೂ ಕಳೆದುಕೊಂಡ ಒಂದು ಪರಂಪರೆಯೇ ಕಾಣಿಸುತ್ತದೆ. ಅವರ ಕಥೆಯನ್ನು ಇಲ್ಲಿ ಹೇಳಲು ಹೊರಟಿದ್ದೇವೆ.

ನಮ್ಮಲ್ಲಿ ಊರು ಬಿಟ್ಟು ಬಂದ ಹಿರಿಯರಿಗೆ ಈ ಹುಳುಹುಪ್ಪಟೆಗಳು ಅಪರಿಚಿತವಲ್ಲ. ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ನೂಲು ಕಟ್ಟಿ ಹಾರಿಸಿದ್ದು, ಮಿಂಚುಹುಳುವನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಕಂಬಳಿಯೊಳಗೆ ಸೇರಿ ನೋಡಿದ್ದು, ಜಗಲಿಯ ಅಂಚಿನ ನುಣ್ಣನೆಯ ಮಣ್ಣಿನಲ್ಲಿ ಆಲಿಕೆಯಂಥ ಗುಳಿ ತೋಡಿ ಕೂತ ಹುಳುವಿಗೆ ಇರುವೆಯನ್ನು ಬಲಿಕೊಟ್ಟದ್ದು ಹಲವರ ಬಾಲ್ಯದ ಆಸ್ತಿ. ದಾದರಿನಲ್ಲೋ ಕರೋಲ್‌ಬಾಗಿನಲ್ಲೋ ಮೂರನೆಯ ಮಹಡಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಜಿರಾಫೆ ಗೊತ್ತು, ಪೆಂಗ್ವಿನ್ ಗೊತ್ತು, ಜೀರುಂಡೆ ಗೊತ್ತಿಲ್ಲ. ಹೆಸರು ಹೋದ ಮೇಲೆ ಪ್ರಾಣಿಯೂ ಕಣ್ಣಿನಿಂದ ಹೋಗುತ್ತದೆ. ಚಿತ್ರವೊಂದೇ ಅದನ್ನು ಹಿಂದಕ್ಕೆ ಕರೆಯಬಲ್ಲುದು ಎಂಬುದು ನಮ್ಮ ನಂಬಿಕೆ. ಅದಕ್ಕೇ ಈ ಇತಿಹಾಸ ನಮಗೆ ಬರಿಯ ಕುತೂಹಲದ ಸಂಗತಿಯಲ್ಲ.

ಛಾಯಾಗ್ರಹಣದ ವಿಧಾನ ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ಅದರ ಮರುವರ್ಷದ ಸುಮಾರಿಗೇ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಸೂರ್ಯನ ಬೆಳಕಿನಿಂದ ನಡೆಯುವ ಸೂಕ್ಷ್ಮದರ್ಶಕವನ್ನು ಬಳಸಿ ಕೀಟದ ರೆಕ್ಕೆಗಳ ಚಿತ್ರವನ್ನು ಕಾಗದದ ಮೇಲೆ ಮೂಡಿಸಿದನು. ಅಂದರೆ ರಾಜರ, ಶ್ರೀಮಂತರ ಮುಖಗಳು ಕ್ಯಾಮೆರಾದ ಮುಂದೆ ಸಾಲುಗಟ್ಟುವ ಮೊದಲೇ ಹುಳುವಿನ ರೆಕ್ಕೆ ಅಲ್ಲಿ ಬಂದು ಕೂತಿತ್ತು. ಇದಕ್ಕೆ ಕಾರಣ ಸರಳ. ಆ ಕಾಲದ ರಾಸಾಯನಿಕಗಳಿಗೆ ಬೆಳಕು ಹಿಡಿಯಲು ನಿಮಿಷಗಟ್ಟಲೆ ಬೇಕು. ಸತ್ತ ಕೀಟದ ರೆಕ್ಕೆ ಅಲುಗುವುದಿಲ್ಲ, ಕೆಮ್ಮುವುದಿಲ್ಲ, ಕಾದು ಬೇಸರಪಡುವುದೂ ಇಲ್ಲ. ಬದುಕಿರುವ ಕೀಟವನ್ನು ಅದು ಇದ್ದಲ್ಲಿಯೇ, ಇದ್ದಂತೆಯೇ ಹಿಡಿಯುವುದು ಬೇರೆಯೇ ಮಾತು. ಅದಕ್ಕೆ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು.

ಈ ಕಾಯುವ ಅವಧಿಯಲ್ಲಿ ಕೆಲಸ ಮಾಡಿದುದು ಕುಂಚ ಮತ್ತು ಲೇಖನಿ. ಈ ಕಥೆಯ ಒಂದು ಮುಖ್ಯ ಎಳೆ ನಮ್ಮ ಕಾರವಾರದ ಮೂಲಕ ಹಾದುಹೋಗುವುದನ್ನು ಓದುಗರು ಗಮನಿಸಬೇಕು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತಷ್ಟೆ. 1883ರ ಸೆಪ್ಟೆಂಬರ್ 15ರಂದು ಬೈಕುಲದ ವಸ್ತುಸಂಗ್ರಹಾಲಯದಲ್ಲಿ ಎಂಟು ಮಂದಿ ಕೂಡಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಆರಂಭಿಸಿದರು. ಆರಂಭದ ದಿನಗಳಲ್ಲಿ ಅದಕ್ಕೆ ಆಸರೆ ಕೊಟ್ಟವನು ಫಿಪ್ಸನ್ ಎಂಬ ಮದ್ಯದ ವ್ಯಾಪಾರಿ. ಫೋರ್ಬ್ಸ್ ರಸ್ತೆಯಲ್ಲಿದ್ದ ತನ್ನ ಅಂಗಡಿಯ ಜಾಗವನ್ನೇ ಅವನು ಬಿಟ್ಟುಕೊಟ್ಟಿದ್ದ. ಆ ಎಂಟು ಮಂದಿಯಲ್ಲಿ ಒಬ್ಬ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್, ಸಾತಾರದಲ್ಲಿ 1851ರಲ್ಲಿ ಹುಟ್ಟಿದವನು, ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ಉಪ್ಪಿನ ಲೆಕ್ಕ ನೋಡುವ ಕೆಲಸದ ನಡುವೆ ಅವನು ಬರೆದುದೆಲ್ಲ ಮನೆಯೊಳಗಿನ ಹಲ್ಲಿ, ಇರುವೆ, ಕಪ್ಪೆ, ಜೇಡಗಳನ್ನು ಕುರಿತು. ಹುಲಿಬೇಟೆಯ ಪುಸ್ತಕಗಳು ರಾಶಿ ಬೀಳುತ್ತಿದ್ದ ಕಾಲದಲ್ಲಿ ಇದು ಸಣ್ಣ ಬಂಡಾಯವೇ ಸರಿ. 1894ರಲ್ಲಿ ಪ್ರಕಟವಾದ ಅವನ ಒಂದು ಪುಸ್ತಕ ಪೂರ್ತಿಯಾಗಿ ಉತ್ತರ ಕನ್ನಡದ ಕಾಡಿನದು.

ಅದೇ ಜಿಲ್ಲೆಯಲ್ಲಿ ಕಲೆಕ್ಟರನಾಗಿದ್ದ ಡೇವಿಡ್‌ಸನ್, ಅರಣ್ಯ ಇಲಾಖೆಯ ಥಾಮಸ್ ಬೆಲ್ ಮತ್ತು ಈ ಐಟ್ಕನ್ ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಮೇಲೆ 1890ರ ದಶಕದಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ದೀರ್ಘವಾದ ಲೇಖನಮಾಲೆಯನ್ನು ಬರೆದರು. ಅವರು ಕೇವಲ ಚಿಟ್ಟೆ ಹಿಡಿದು ಸೂಜಿಗೆ ಚುಚ್ಚಿದವರಲ್ಲ. ಕಂಬಳಿಹುಳುಗಳನ್ನು ಅವು ತಿನ್ನುವ ಗಿಡದ ಸಮೇತ ಮನೆಗೆ ತಂದು, ಸಾಕಿ, ಕೋಶ ಕಟ್ಟುವುದನ್ನೂ ರೆಕ್ಕೆ ಬಿಚ್ಚುವುದನ್ನೂ ದಿನ ದಿನ ಬರೆದಿಟ್ಟರು. ಯಾವ ಚಿಟ್ಟೆಯ ಹುಳು ಯಾವ ಸೊಪ್ಪು ತಿನ್ನುತ್ತದೆ ಎಂಬುದನ್ನು ತಿಳಿಯಲು ಇಂದಿಗೂ ಆ ಪುಟಗಳನ್ನು ತೆರೆಯುವವರಿದ್ದಾರೆ. ಬೆಲ್ ನಿವೃತ್ತನಾದ ಮೇಲೆ ಐರ್ಲೆಂಡಿಗೆ ಹಿಂದಿರುಗಲಿಲ್ಲ. ಕಾರವಾರದಲ್ಲಿಯೇ ನೆಲೆಸಿ, ಹುಳು ಸಾಕುತ್ತ, ಪತಂಗಗಳ ಮೇಲೆ ದೊಡ್ಡ ಗ್ರಂಥವೊಂದಕ್ಕೆ ಜೊತೆಗಾರನಾಗಿ ದುಡಿದು, 1948ರಲ್ಲಿ ಅಲ್ಲಿಯೇ ತೀರಿಕೊಂಡನು. ಈ ಮೂವರು ಕೂತು ಮಾಡಿದ ನೋಟದ ಕೆಲಸವನ್ನೇ ಮುಂದೆ ಕ್ಯಾಮೆರಾ ಮಾಡಬೇಕಾಗಿತ್ತು. ಅದಕ್ಕೆ ಇವರಷ್ಟು ತಾಳ್ಮೆ ಬರಲು ಎಷ್ಟು ಕಾಲ ಹಿಡಿಯಿತೆಂಬುದೇ ಮುಂದಿನ ಕಥೆ.

ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದ ರಿಚರ್ಡ್ ಕೀರ್ಟನ್ ಮತ್ತು ಚೆರಿ ಕೀರ್ಟನ್ ಎಂಬ ಸಹೋದರರು 1892ರ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನ ಹೊರವಲಯದಲ್ಲಿ ಹಕ್ಕಿಯ ಗೂಡೊಂದನ್ನು ಮೊಟ್ಟೆಗಳ ಸಮೇತ ಚಿತ್ರಿಸಿದರು. ರಿಚರ್ಡ್ ಬಾಲ್ಯದಲ್ಲಿ ಬಿದ್ದು ಕಾಲು ಊನವಾದವನು. ಪ್ರಕಾಶಕರೊಬ್ಬರ ಕಚೇರಿಯಲ್ಲಿ ನೌಕರಿ. 1895ರಲ್ಲಿ ಹೊರಬಂದ ಅವರ ಗೂಡುಗಳ ಪುಸ್ತಕದಲ್ಲಿ ಚಿತ್ರಗಳೆಲ್ಲವೂ ಬಯಲಿನಲ್ಲಿ, ಇದ್ದ ಸ್ಥಿತಿಯಲ್ಲಿ ತೆಗೆದವು. ಆವರೆಗೆ ಚಿತ್ರಕಾರರು ವಸ್ತುಸಂಗ್ರಹಾಲಯದ ಗೂಡನ್ನು ಮೇಜಿನ ಮೇಲಿಟ್ಟುಕೊಂಡು ಬರೆಯುತ್ತಿದ್ದರು. ಈ ಅಣ್ಣತಮ್ಮಂದಿರ ಇನ್ನೊಂದು ಸಾಹಸವಂತೂ ಮೋಜಿನದು. ಹಕ್ಕಿಗಳು ದನಕ್ಕೆ ಹೆದರುವುದಿಲ್ಲವೆಂಬುದನ್ನು ಕಂಡು, 1900ರ ಹೊತ್ತಿಗೆ ಎತ್ತಿನ ಚರ್ಮವನ್ನು ಚೌಕಟ್ಟಿಗೆ ಹೊದಿಸಿ ಟೊಳ್ಳು ಎತ್ತೊಂದನ್ನು ಮಾಡಿಸಿದರು. ಕ್ಯಾಮೆರಾ ಹಿಡಿದವನು ಅದರ ಹೊಟ್ಟೆಯೊಳಗೆ ನಿಲ್ಲಬೇಕು. ಒಮ್ಮೆ ಆ ಎತ್ತು ಒಳಗಿದ್ದ ರಿಚರ್ಡನ ಸಮೇತ ಮಗುಚಿ, ನಾಲ್ಕೂ ಕಾಲು ಆಕಾಶಕ್ಕೆ ಮಾಡಿ ಬಿತ್ತು. ನಮ್ಮ ಊರುಗಳಲ್ಲಿ ಬಣ್ಣದ ಜೂಲು ಹೊದ್ದು ಬರುವ ಕೋಲೆ ಬಸವನನ್ನು ನೋಡಿದವರಿಗೆ ಆ ದೃಶ್ಯವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಇದೇ ಕಾಲದಲ್ಲಿ ಫ್ರಾನ್ಸಿನ ದಕ್ಷಿಣದ ಸೆರಿನ್ಯಾನ್ ಎಂಬಲ್ಲಿ ಮುದುಕ ಝಾನ್ ಹೆನ್ರಿ ಫಾಬ್ರ್ ತನ್ನ ಪಾಳು ತೋಟದಲ್ಲಿ ಸಗಣಿಹುಳುವಿನ ಮುಂದೆ ಮಂಡಿಯೂರಿ ಕೂತಿದ್ದನು. ಹತ್ತು ಸಂಪುಟಗಳಲ್ಲಿ 1879ರಿಂದ 1907ರವರೆಗೆ ಬಂದ ಅವನ ಕೀಟಸ್ಮರಣೆಗಳು ಲೋಕಪ್ರಸಿದ್ಧ. ಮುಂದಿನ ಸಚಿತ್ರ ಆವೃತ್ತಿಗಳಿಗೆ ಛಾಯಾಚಿತ್ರ ತೆಗೆದವನು ಅವನ ಮಗ ಪಾಲ್. ತಂದೆಗೆ ಹುಳು, ಮಗನಿಗೆ ಕ್ಯಾಮೆರಾ. ಒಂದು ಮನೆಯಲ್ಲಿ ಎರಡು ಹುಚ್ಚುಗಳು ಹೊಂದಿಕೊಂಡು ಬಾಳಿದ ಅಪರೂಪದ ಉದಾಹರಣೆ ಇದು.

ಗೂಡು ಅಲುಗದು, ಕಂಬಳಿಹುಳು ನಿಧಾನಿ. ನೊಣದ ಗತಿಯೇನು? ಅದು ರೆಕ್ಕೆ ಬಡಿಯುವುದು ಸೆಕೆಂಡಿಗೆ ನೂರಾರು ಸಲ. ಪ್ಯಾರಿಸಿನ ಶರೀರವಿಜ್ಞಾನಿ ಎತಿಯೆನ್ ಝೂಲ್ ಮಾರೆ ಮೊದಮೊದಲು ಕ್ಯಾಮೆರಾವನ್ನೇ ಬಳಸದೆ ಇದಕ್ಕೊಂದು ಉಪಾಯ ಹೂಡಿದ್ದ. ಕಣಜದ ರೆಕ್ಕೆಯ ತುದಿಗೆ ಚಿನ್ನದ ರೇಕಿನ ಚೂರು ಅಂಟಿಸಿ ಬಿಸಿಲಿನಲ್ಲಿ ನೋಡಿದಾಗ, ಆ ಹೊಳಪಿನ ಗೆರೆ ಎಂಟರ ಅಂಕಿಯಂತೆ ಸುತ್ತುವುದು ಕಾಣಿಸಿತು. ಆಮೇಲೆ 1882ರಲ್ಲಿ ಅವನು ಸೆಕೆಂಡಿಗೆ ಹನ್ನೆರಡು ಚಿತ್ರ ಹಿಡಿಯುವ, ಕೋವಿಯ ಆಕಾರದ ಕ್ಯಾಮೆರಾ ಮಾಡಿದ. ಗುಂಡಿಲ್ಲದ ಕೋವಿ, ಗುರಿಯಿಟ್ಟರೂ ಹಕ್ಕಿ ಸಾಯುವುದಿಲ್ಲ. ನೊಣಕ್ಕೆ ಹನ್ನೆರಡು ಎಲ್ಲಿ ಸಾಕು? ಅವನ ಶಿಷ್ಯ ಲೂಸಿಯೆನ್ ಬುಲ್ 1904ರ ಸುಮಾರಿಗೆ ವಿದ್ಯುತ್ ಕಿಡಿಯ ಬೆಳಕಿನಲ್ಲಿ ಸೆಕೆಂಡಿಗೆ ಸಾವಿರಕ್ಕೂ ಮಿಕ್ಕ ಚಿತ್ರಗಳನ್ನು ತೆಗೆಯುವ ಯಂತ್ರವನ್ನು ರೂಪಿಸಿದನು. ಇದರಲ್ಲಿ ನಮಗೆ ಮೆಚ್ಚುಗೆಯಾದುದು ಅದರ ಗುಂಡಿ ಒತ್ತುವವರು ಯಾರೆಂಬುದು. ಮನುಷ್ಯನ ಬೆರಳು ಅಷ್ಟು ಚುರುಕಲ್ಲವಾದ್ದರಿಂದ, ಕೀಟವು ಹಾರಿದ ಕ್ಷಣದಲ್ಲಿ ಅದರ ಹಾರಾಟವೇ ಯಂತ್ರವನ್ನು ಚಾಲೂ ಮಾಡುವಂತೆ ಏರ್ಪಡಿಸಿದ್ದ. ತನ್ನ ಚಿತ್ರವನ್ನು ತಾನೇ ತೆಗೆದುಕೊಂಡ ಮೊದಲಿಗರಲ್ಲಿ ನೊಣದ ಹೆಸರನ್ನೂ ಸೇರಿಸಬೇಕು.

ಚಲನಚಿತ್ರ ಬಂದ ಮೇಲೆ ಈ ಹುಚ್ಚಿಗೆ ಹೊಸ ರೆಕ್ಕೆ ಬಂದಿತು. ಲಂಡನ್ನಿನಲ್ಲಿ ಶಿಕ್ಷಣ ಇಲಾಖೆಯ ಗುಮಾಸ್ತನಾಗಿದ್ದ ಪರ್ಸಿ ಸ್ಮಿತ್ ಎಂಬವನು ನೊಣದ ನಾಲಿಗೆಯ ಚಿತ್ರವೊಂದನ್ನು ತೆಗೆದಿದ್ದ. ಅದು ಚಲನಚಿತ್ರೋದ್ಯಮಿ ಚಾರ್ಲ್ಸ್ ಅರ್ಬನ್ ಕಣ್ಣಿಗೆ ಬಿದ್ದು, ಗುಮಾಸ್ತನ ಹಣೆಬರಹ ಬದಲಾಯಿತು. 1910ರಲ್ಲಿ ಬಂದ ಅವನ ಚಿತ್ರದಲ್ಲಿ ಬೆನ್ನಿನ ಮೇಲೆ ಬಿಗಿದಿಟ್ಟ ನೊಣವೊಂದು ತನ್ನ ಕಾಲುಗಳ ಮೇಲೆ ಬಿರಡೆಯ ಚೂರು, ಕಡ್ಡಿ, ಕೊನೆಗೆ ಇನ್ನೊಂದು ನೊಣವನ್ನೇ ಗಿರಿಗಿರಿ ತಿರುಗಿಸುತ್ತದೆ. ಜನ ಬೆರಗಾದರು, ಇದು ಕಣ್ಕಟ್ಟು ಎಂದರು, ಹಿಂಸೆಯೆಂದರು. ನೊಣಕ್ಕೆ ಕಲಿಸಿದುದು ಏನೂ ಇರಲಿಲ್ಲ. ನೆಲ ಸಿಗದ ನೊಣ ಕಾಲಿಗೆ ತಗುಲಿದ್ದನ್ನೇ ನೆಲವೆಂದು ಬಗೆದು ನಡೆಯುತ್ತಿತ್ತು, ಅಷ್ಟೆ. ಅದಕ್ಕೂ ಹಿಂದಿನ ವರ್ಷ ಜೇಡವು ನೂಲು ಬಿಟ್ಟು ಗಾಳಿಯಲ್ಲಿ ತೇಲುವುದನ್ನು ತೋರಿಸಲು ಅವನು ತಾನೇ ಕೈಯಾರೆ ಯಂತ್ರದ ಜೇಡವೊಂದನ್ನು ಮಾಡಿದ್ದನು. ಮುಂದೆ 1922ರಿಂದ ನಡೆದ ನಿಸರ್ಗ ರಹಸ್ಯಗಳ ಚಿತ್ರಮಾಲೆಗೆ ಅವನು ತನ್ನ ಮನೆಯನ್ನೇ ಕಾರ್ಯಾಗಾರ ಮಾಡಿಕೊಂಡ. ಬೂಷ್ಟು ಬೆಳೆಯುವುದನ್ನೂ ಮೊಗ್ಗು ಅರಳುವುದನ್ನೂ ಗಂಟೆಗಟ್ಟಲೆ ಹಿಡಿಯಬೇಕಾದ್ದರಿಂದ, ಯಂತ್ರ ನಿಂತರೆ ರಾತ್ರಿ ಎಬ್ಬಿಸಲು ಮನೆಯಲ್ಲೆಲ್ಲ ಗಂಟೆಗಳನ್ನು ಕಟ್ಟಿದ್ದನಂತೆ. ಮನೆಯೊಡತಿ ಇದನ್ನೆಲ್ಲ ಹೇಗೆ ಸಹಿಸಿದಳೋ, ಇತಿಹಾಸಕಾರರು ಆಕೆಗೂ ಒಂದು ಪುಟ ಕೊಡಬೇಕಾಗಿತ್ತು.

ಸ್ಮಿತ್ತನ ನೊಣ ಕುಣಿಯುತ್ತಿದ್ದ ವರ್ಷದಲ್ಲೇ, ಅಂದಿನ ರಷ್ಯನ್ ಸಾಮ್ರಾಜ್ಯದ ಕೋವ್ನೊ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದ್ದ ಲಾದಿಸ್ಲಾಸ್ ಸ್ಟಾರೆವಿಚ್ ಎಂಬವನು ಕೊಂಬಿನಂಥ ದವಡೆಯುಳ್ಳ ಎರಡು ಗಂಡು ಜೀರುಂಡೆಗಳ ಕಾಳಗವನ್ನು ಚಿತ್ರಿಸಬೇಕೆಂದುಕೊಂಡ. ಅವು ರಾತ್ರಿ ಸಂಚರಿಸುವ ಜೀವಿಗಳು. ದೀಪ ಹಚ್ಚಿದೊಡನೆ ಕಾಳಗ ಬಿಟ್ಟು ಕಲ್ಲಿನಂತೆ ಕೂತುಬಿಡುತ್ತಿದ್ದವು. ಬೇಸತ್ತ ಅವನು ಸತ್ತ ಜೀರುಂಡೆಗಳ ಕಾಲುಗಳನ್ನು ಬಿಡಿಸಿ, ಮೇಣ ಮತ್ತು ತಂತಿಯಿಂದ ಮತ್ತೆ ಜೋಡಿಸಿ, ಒಂದೊಂದು ಚಿತ್ರಕ್ಕೂ ಒಂದಿಷ್ಟು ಅಲುಗಿಸಿ ಕಾಳಗವನ್ನು ತಾನೇ ಆಡಿಸಿದ. ಗೊಂಬೆಯಾಟದ ಚಲನಚಿತ್ರ ಹುಟ್ಟಿದ್ದು ಹೀಗೆ ಎನ್ನಬಹುದು. 1912ರಲ್ಲಿ ಅವನ ಮುಂದಿನ ಚಿತ್ರಗಳು ಬಂದಾಗ, ಈತ ನಿಜವಾದ ಕೀಟಗಳಿಗೆ ನಟನೆ ಕಲಿಸಿದ್ದಾನೆಂದು ಪತ್ರಿಕೆಗಳವರು ನಂಬಿದರು. ಜೀವಂತ ಕೀಟ ಕೈಕೊಟ್ಟಲ್ಲಿ ಸತ್ತ ಕೀಟ ಕಲೆಯಾಯಿತು. ಇದರ ರುಚಿ ಬೇರೆ, ಆದರೆ ನಾವು ಹುಡುಕುತ್ತಿರುವ ಸತ್ಯ ಇದಲ್ಲ.

ಆ ಸತ್ಯಕ್ಕಾಗಿ ನೀರಿಗಿಳಿದವರೂ ಉಂಟು. 1893ರಲ್ಲಿ ಫ್ರಾನ್ಸಿನ ಬಾನ್ಯುಲ್ಸ್ ಎಂಬ ಕಡಲೂರಿನಲ್ಲಿ ಲೂಯಿ ಬೂಟಾನ್ ಸಮುದ್ರದೊಳಗೆ ಕ್ಯಾಮೆರಾ ಇಳಿಸಿದ. ಒಂದು ಚಿತ್ರಕ್ಕೆ ಕೆಲವೊಮ್ಮೆ ಅರ್ಧ ಗಂಟೆ ಹಿಡಿಯುತ್ತಿತ್ತು. ಅವನ ಹಾದಿಯಲ್ಲಿ ಬಹುದೂರ ಹೋದವನು ಝಾನ್ ಪಾನ್ಲೆವೆ. ತಂದೆ ಗಣಿತಜ್ಞ, ಫ್ರಾನ್ಸಿನ ಪ್ರಧಾನಮಂತ್ರಿಯೂ ಆಗಿದ್ದವನು. ಮಗ ಏಡಿ, ಅಷ್ಟಪದಿ, ಕಡಲಮುಳ್ಳುಗಳ ಹಿಂದೆ ಬಿದ್ದ. 1928ರಲ್ಲಿ ಅವನು ಮೀನಿನ ಮೊಟ್ಟೆಯ ಬೆಳವಣಿಗೆಯನ್ನು ಕುರಿತ ಚಲನಚಿತ್ರವನ್ನು ವಿಜ್ಞಾನ ಅಕಾಡೆಮಿಯಲ್ಲಿ ತೋರಿಸಿದಾಗ, ಸಿನಿಮಾವೂ ಒಂದು ವಿಜ್ಞಾನವೇ ಎಂದು ಸಿಟ್ಟಾಗಿ ಎದ್ದುಹೋದ ಪಂಡಿತರಿದ್ದರು. 1934ರ ಅವನ ಕಡಲಕುದುರೆಯ ಚಿತ್ರ ಇಂದಿಗೂ ನೋಡುವಂಥದು. ಕಡಲಕುದುರೆಯಲ್ಲಿ ಬಸಿರು ಹೊರುವುದು ಗಂಡು. ಹೆಣ್ಣು ಇಟ್ಟ ಮೊಟ್ಟೆಗಳನ್ನು ಹೊಟ್ಟೆಯ ಚೀಲದಲ್ಲಿ ಹೊತ್ತು, ಕೊನೆಗೆ ನೋವಿನಿಂದ ಬಾಗಿ ಬಾಗಿ ಮರಿಗಳನ್ನು ಹೊರಹಾಕುತ್ತದೆ. ಆ ಗಳಿಗೆ ಎಂದು ಬರುವುದೋ ತಿಳಿಯದು. ತೂಕಡಿಸಿದರೆ ತಪ್ಪಿಹೋದೀತೆಂದು, ತಲೆ ಬಾಗಿದೊಡನೆ ಸಣ್ಣಗೆ ವಿದ್ಯುತ್ ತಗುಲಿ ಎಚ್ಚರಿಸುವ ಸಾಧನವೊಂದನ್ನು ಟೊಪ್ಪಿಗೆಗೆ ಅಳವಡಿಸಿಕೊಂಡು ಕಾದನೆಂದು ಹೇಳುತ್ತಾರೆ. ಮಗುವನ್ನು ಹೆರುವುದು ಹೆಣ್ಣಿನ ಪಾಡೆಂದು ಲೋಕವೆಲ್ಲ ತೀರ್ಮಾನಿಸಿ ಕೂತಿರುವಾಗ, ಬೆರಳುದ್ದದ ಗಂಡು ಪ್ರಾಣಿಯೊಂದು ಪರದೆಯ ಮೇಲೆ ಹೆತ್ತು ತೋರಿಸಿತು. ಸಣ್ಣ ಪ್ರಾಣಿಗಳ ಚಿತ್ರ ತೆಗೆಯುವುದರಿಂದ ಏನು ಉಪಯೋಗ ಎಂದು ಕೇಳುವವರಿಗೆ ನಾವು ಮೊದಲು ಹೇಳುವುದು ಈ ಉದಾಹರಣೆಯನ್ನೇ.

ಇನ್ನು ಸಲಕರಣೆಯ ಮಾತು. ಇದನ್ನು ಬೇಗ ಮುಗಿಸುತ್ತೇವೆ. ಹತ್ತಿರದಿಂದ ದೊಡ್ಡದಾಗಿ ತೆಗೆಯಲು ಹೊರಟರೆ ಮೂರು ತೊಂದರೆಗಳು ಒಟ್ಟಿಗೆ ಬರುತ್ತವೆ. ಸ್ಪಷ್ಟವಾಗಿ ಕಾಣುವ ಆಳ ಕೂದಲೆಳೆಯಷ್ಟಾಗುತ್ತದೆ, ಬೆಳಕು ಸಾಲದು, ಉಸಿರು ಬಿಟ್ಟರೂ ಚಿತ್ರ ನಡುಗುತ್ತದೆ. ಮಸೂರದ ತೊಂದರೆ ನೀಗಿದ ಬಗೆ ಸ್ವಾರಸ್ಯವಾಗಿದೆ. ಜಪಾನಿನ ನಿಕಾನ್ ಕಂಪನಿ 1956ರಲ್ಲಿ ಮೈಕ್ರೋ ನಿಕ್ಕೋರ್ ಎಂಬ ಮಸೂರವನ್ನು ತಂದುದು ಕೀಟಗಳಿಗಾಗಿ ಅಲ್ಲ, ಪುಸ್ತಕಗಳನ್ನು ಪುಟ್ಟ ಫಿಲ್ಮಿಗೆ ಇಳಿಸುವುದಕ್ಕಾಗಿ. ಗೆರೆಗಳು ಒತ್ತೊತ್ತಾಗಿರುವ ಜಪಾನೀ ಲಿಪಿ ಸಾಧಾರಣ ಮಸೂರಕ್ಕೆ ಮಸಿಯ ಮುದ್ದೆಯಾಗಿ ಕಾಣುತ್ತಿತ್ತು. ಅಕ್ಷರಕ್ಕಾಗಿ ಮಾಡಿದ ಕಣ್ಣನ್ನು ಹುಳುವಿನ ಕಡೆ ತಿರುಗಿಸಿಕೊಂಡವರು ಲೋಕದ ತುಂಬ ಹುಟ್ಟಿಕೊಂಡರು. ಬೆಳಕಿನ ತೊಂದರೆಯನ್ನು 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಬೆಳೆಸಿದ ವಿದ್ಯುನ್ಮಾನ ಮಿಂಚುದೀಪ ನೀಗಿತು. ಇಂಗ್ಲೆಂಡಿನ ಸ್ಟೀಫನ್ ಡಾಲ್ಟನ್ ಸೆಕೆಂಡಿನ 25,000ದ ಒಂದು ಭಾಗ ಮಾತ್ರ ಮಿಂಚುವ ದೀಪವನ್ನು ಬಳಸಿ, ಸ್ವಚ್ಛಂದವಾಗಿ ಹಾರುವ ಕೀಟಗಳನ್ನು ಗಾಳಿಯಲ್ಲಿಯೇ ನಿಲ್ಲಿಸಿದಂತೆ ಹಿಡಿದು, 1975ರಲ್ಲಿ ಪುಸ್ತಕ ಮಾಡಿದನು. ಮಾರೆಯ ಚಿನ್ನದ ರೇಕು ಇಲ್ಲಿಗೆ ಬಂದು ತಲುಪಿತು.

ನಮ್ಮ ದೇಶದಲ್ಲಿ ಆ ಹೊತ್ತಿಗೆ ಪರಿಸ್ಥಿತಿ ಹೇಗಿತ್ತೆಂಬುದು ಹಿರಿಯ ಓದುಗರಿಗೆ ನೆನಪಿದ್ದೀತು. ಮಧ್ಯಮವರ್ಗದ ಮನೆಯಲ್ಲಿ ಕ್ಯಾಮೆರಾ ಇದ್ದರೆ ಅದು ಆಗ್ಫಾ ಕ್ಲಿಕ್ ಮಾದರಿಯ ಡಬ್ಬಿ. ಹತ್ತಿರ ಹೋದರೆ ಎಲ್ಲವೂ ಮಬ್ಬು. ಅದರಲ್ಲಿ ಮದುವೆ ಹಿಡಿಯಬಹುದಿತ್ತೇ ಹೊರತು ಮಿಡತೆಯನ್ನಲ್ಲ. ಪರದೇಶದ ಸಲಕರಣೆಗೆ ಸುಂಕ ವಿಪರೀತ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ 1967ರಲ್ಲಿ ಸ್ವದೇಶಿ ಫಿಲ್ಮು ಹೊರಬರತೊಡಗಿತಾದರೂ, ಒಂದೊಂದು ಚಿತ್ರಕ್ಕೂ ಹಣದ ಲೆಕ್ಕ ಇದ್ದೇ ಇತ್ತು. ಬಡತನಕ್ಕೆ ಉಪಾಯವೂ ಉಂಟಷ್ಟೆ. ಮಸೂರವನ್ನು ಬಿಚ್ಚಿ ಹಿಂದುಮುಂದಾಗಿ ಕೂಡಿಸಿದರೆ ಅದು ಭೂತಗನ್ನಡಿಯಂತೆ ಕೆಲಸ ಮಾಡುತ್ತದೆ. ಈ ಗುಟ್ಟು ಗೊತ್ತಿದ್ದವರು ಹಿತ್ತಲಿನ ದಾಸವಾಳದ ಗಿಡದಲ್ಲಿಯೇ ಕಾಡನ್ನು ಕಂಡರು.

ಮದರಾಸಿನಲ್ಲಿ ಎಂ. ಕೃಷ್ಣನ್ ಇದ್ದರು. ಬಿಡಿಭಾಗಗಳನ್ನು ತಾವೇ ಜೋಡಿಸಿಕೊಂಡ ಭಾರಿ ಕ್ಯಾಮೆರಾಕ್ಕೆ ತಮಾಷೆಯ ಹೆಸರಿಟ್ಟು, ಕಪ್ಪು ಬಿಳುಪಿನಲ್ಲಿಯೇ ಚಿತ್ರ ತೆಗೆದವರು. ದೊಡ್ಡ ಪ್ರಾಣಿಗಳ ಚಿತ್ರಗಳಿಂದ ಹೆಸರಾದರೂ, ಸ್ಟೇಟ್ಸ್‌ಮನ್ ಪತ್ರಿಕೆಗೆ 1950ರಿಂದ 1996ರಲ್ಲಿ ತೀರಿಕೊಳ್ಳುವವರೆಗೆ ಬರೆದ ಅಂಕಣದಲ್ಲಿ ಅವರು ಮನೆಯಂಗಳದ ಅಳಿಲು, ಹಲ್ಲಿ, ಕಾಗೆಗಳಿಗೆ ಆನೆಗೆ ಕೊಟ್ಟಷ್ಟೇ ಮರ್ಯಾದೆ ಕೊಟ್ಟರು. 1940ರ ದಶಕದಲ್ಲಿ ಅವರು ಬಳ್ಳಾರಿಯ ಪಕ್ಕದ ಸಂಡೂರು ಸಂಸ್ಥಾನದಲ್ಲಿ ನಾನಾ ಕೆಲಸ ಮಾಡಿಕೊಂಡಿದ್ದರು ಎಂಬುದು ನಮ್ಮವರಲ್ಲಿ ಹಲವರಿಗೆ ತಿಳಿಯದು. ಅದೇ ಸಂಡೂರಿನ ಎಂ. ವೈ. ಘೋರ್ಪಡೆ ಮುಂದೆ ಕರ್ನಾಟಕದ ಮಂತ್ರಿಯಾದರೂ ಕ್ಯಾಮೆರಾ ಬಿಡಲಿಲ್ಲ. ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್ ಅವರ ಬಳಿ ಪಳಗಿದ ಟಿ. ಎನ್. ಎ. ಪೆರುಮಾಳ್, ಮತ್ತು ಇ. ಹನುಮಂತರಾವ್ ಮೊದಲಾದವರು ಆ ನಗರವನ್ನು ನಿಸರ್ಗ ಛಾಯಾಗ್ರಹಣದ ಗುರುಮನೆಯನ್ನಾಗಿ ಮಾಡಿದರು. ಪೆರುಮಾಳ್ 2017ರಲ್ಲಿ ತೀರಿಕೊಳ್ಳುವವರೆಗೂ ಕಲಿಯಬಂದವರಿಗೆ ಬಾಗಿಲು ತೆರೆದೇ ಇಟ್ಟಿದ್ದರು.

ಕನ್ನಡ ಸಾಹಿತ್ಯದಲ್ಲಿ ಈ ಹುಚ್ಚಿಗೆ ಪಟ್ಟ ಕಟ್ಟಿದವರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ಸ್ವತಃ ಹಕ್ಕಿಗಳ ಬೆನ್ನು ಹತ್ತಿ ಚಿತ್ರ ತೆಗೆದವರು. 1980ರ ಅವರ 'ಕರ್ವಾಲೊ' ಕಾದಂಬರಿಯಲ್ಲಿ ಒಂದು ಹಾರುವ ಓತಿಗಾಗಿ ವಿಜ್ಞಾನಿ, ರೈತ, ಅಡುಗೆಯವ, ಹಾವಾಡಿಗ, ನಾಯಿ ಎಲ್ಲರೂ ಕಾಡು ಹೊಕ್ಕಾಗ ಕ್ಯಾಮೆರಾದ ಪ್ರಭಾಕರನೂ ಜೊತೆಗಿದ್ದ. ಈ ಹಾರುವ ಓತಿ ಕಟ್ಟುಕಥೆಯಲ್ಲ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಈಗಲೂ ಇದೆ. ಬಾಲವೂ ಸೇರಿ ಗೇಣುದ್ದ. ಪಕ್ಕೆಲುಬುಗಳನ್ನು ಕೊಡೆಯ ಕಡ್ಡಿಯಂತೆ ಬಿಚ್ಚಿ, ನಡುವಿನ ಚರ್ಮವನ್ನು ಹರಡಿ ಮರದಿಂದ ಮರಕ್ಕೆ ತೇಲುತ್ತದೆ. ಮರಕ್ಕೆ ಅಂಟಿ ಕೂತಾಗ ತೊಗಟೆಗೂ ಅದಕ್ಕೂ ಭೇದ ತಿಳಿಯದು. ದಿನವೂ ಅಡಿಕೆ ಮರ ಹತ್ತುವವರು ಕೂಡ ಅದನ್ನು ಕಾಣದೆ ಹೋಗಿರಬಹುದು.

ಹೊಗಳಿಕೆಯ ನಡುವೆ ಒಂದು ಕಹಿ ಮಾತನ್ನೂ ಹೇಳಬೇಕು. ಕ್ಯಾಮೆರಾ ಅಗ್ಗವಾದಂತೆ ಆಸೆ ಹೆಚ್ಚಿತು. ಚಿಟ್ಟೆಯನ್ನು ಶೀತಪೆಟ್ಟಿಗೆಯಲ್ಲಿಟ್ಟು ಮಂಕು ಹಿಡಿಸಿ ಹೂವಿನ ಮೇಲೆ ಕೂರಿಸುವುದು, ಕಪ್ಪೆಯನ್ನು ಬಸವನಹುಳುವಿನ ಬೆನ್ನೇರಿಸಿ ನಿಸರ್ಗದ ಪವಾಡವೆಂದು ಮಾರುವುದು, ಗೂಡು ಚೆನ್ನಾಗಿ ಕಾಣಲೆಂದು ಸುತ್ತಲಿನ ಎಲೆ ಕತ್ತರಿಸಿ ಮರಿಗಳನ್ನು ಬಿಸಿಲಿಗೂ ಕಾಗೆಗೂ ಒಡ್ಡುವುದು ನಡೆದಿದೆ. ಅನೇಕ ಸ್ಪರ್ಧೆಗಳು ಇಂದು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ. ಕೀರ್ಟನ್ ಸಹೋದರರಿಗೆ ಕೀರ್ತಿ ತಂದ ವಿಷಯವೇ ಹೀಗೆ ನಿಷಿದ್ಧವಾಯಿತು. ಅದು ಸರಿಯೆಂದೇ ನಮ್ಮ ಮತ. ನೊಣವನ್ನು ಬಿಗಿದಿಟ್ಟ ಸ್ಮಿತ್ತನಾದರೋ ನೋಡುವವರಿಗೆ ಅದು ಬಿಗಿದ ನೊಣವೆಂದು ಕ್ರಮೇಣ ತಿಳಿಸಿದ್ದ. ಇಂದಿನ ಮೋಸಕ್ಕೆ ಆ ಪ್ರಾಮಾಣಿಕತೆಯೂ ಇಲ್ಲ.

ಇಷ್ಟಾದರೂ ಲಾಭವೇ ಹೆಚ್ಚು. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ಮಳೆಗಾಲದ ರಾತ್ರಿ ಕಾದು ಕೂತು ನೋಡಿದ ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಕಪ್ಪೆಯೊಂದನ್ನು ಲೋಕಕ್ಕೆ ಪರಿಚಯಿಸಿದರು. ಹೆಣ್ಣು ಮುಂಗಾಲಿನ ಮೇಲೆ ತಲೆಕೆಳಗಾಗಿ ನಿಂತು ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಕೈತುಂಬ ಕೆಸರೆತ್ತಿ ಆ ಮೊಟ್ಟೆಗಳಿಗೆ ಮೆತ್ತುತ್ತದೆ. ಹಿಂಬದಿಯ ತೊರೆಯಲ್ಲಿ ಇಷ್ಟು ಕಾಲವೂ ಇದು ನಡೆಯುತ್ತಲೇ ಇತ್ತು! ಅದರ ವೈಜ್ಞಾನಿಕ ಹೆಸರು ನಿಕ್ಟಿಬಟ್ರಾಕಸ್ ಕುಂಬಾರ. ಲ್ಯಾಟಿನ್ನಿನ ಪಕ್ಕದಲ್ಲಿ ನಮ್ಮ ಕುಂಬಾರ ಹೀಗೆ ಬಂದು ಕೂತಿರುವುದನ್ನು ನೋಡಿ ಯಾರಿಗೆ ಹಿಗ್ಗಾಗದು? ಅದೇ ಮಲೆನಾಡಿನ ಕಾನುಗಳಿಂದ 2016ರಲ್ಲಿ ಒಣಗಿದ ಎಲೆಯಂತೆ ಮುದುರಿ ಕೂರುವ, ಸೆಂಟಿಮೀಟರೂ ಇಲ್ಲದ ಜೇಡವೊಂದು ವರದಿಯಾಯಿತು. ಅದರ ಆಕಾರ ಹ್ಯಾರಿ ಪಾಟರ್ ಕಥೆಯ ಮಾತಾಡುವ ಟೊಪ್ಪಿಗೆಯಂತಿರುವುದರಿಂದ ಆ ಕಥೆಯ ಪಾತ್ರದ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಮಕ್ಕಳಿಗೆ ಟೊಪ್ಪಿಗೆ ಗೊತ್ತಿರುವುದರಿಂದ ಜೇಡದ ಪರಿಚಯ ಸುಲಭ. ಮುಂಬಯಿಯವರು ದೂರ ಹೋಗಬೇಕಾಗಿಲ್ಲ. 2021ರಲ್ಲಿ ಠಾಣೆ, ಕಲ್ಯಾಣ ಭಾಗದಿಂದ ವರದಿಯಾದ ಜಿಗಿಯುವ ಜೇಡವೊಂದಕ್ಕೆ ಐಸಿಯಸ್ ತುಕಾರಾಮಿ ಎಂದು ಹೆಸರು. 2008ರ ನವೆಂಬರ್ 26ರ ರಾತ್ರಿ ಗಿರಗಾಂವ್ ಚೌಪಾಟಿಯಲ್ಲಿ ಭಯೋತ್ಪಾದಕನನ್ನು ಬರಿಗೈಯಲ್ಲಿ ಹಿಡಿದು ಗುಂಡಿಗೆ ಎದೆಯೊಡ್ಡಿದ ಪೊಲೀಸ್ ಅಧಿಕಾರಿ ತುಕಾರಾಮ್ ಓಂಬ್ಳೆ ಅವರ ನೆನಪಿಗೆ.

ಕೊನೆಗೆ ನಮ್ಮ ಕರಾವಳಿಯವರಿಗೆ ಒಂದು ಸುದ್ದಿ. ಮಣಿಪಾಲದ ಸುತ್ತಿನ ಮುರಕಲ್ಲಿನ ಪದವುಗಳಲ್ಲಿ ಆಸಕ್ತ ನಾಗರಿಕರೂ ಸೇರಿ ನಡೆಸಿದ ಸಮೀಕ್ಷೆಯೊಂದರಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾದ, ಸುಮಾರು 1.6 ಸೆಂಟಿಮೀಟರಿನ ಕಪ್ಪೆಯೊಂದು ಕಂಡಿತು. 2016ರಲ್ಲಿ ಅದಕ್ಕೆ ಆ ಕಲ್ಲಿನ ಹೆಸರನ್ನೇ ಕೊಟ್ಟು ಮೈಕ್ರೊಹೈಲಾ ಲ್ಯಾಟರೈಟ್ ಎಂದು ಕರೆದರು. ಅದರ ಕೂಗು ಮಿಡತೆಯ ಕೂಗಿನಂತಿರುವುದರಿಂದ ಕೇಳಿದವರು ಕಪ್ಪೆಯೆಂದು ಎಣಿಸಿಯೇ ಇರಲಾರರು. ಮಳೆ ಬಿದ್ದಾಗ ಕಲ್ಲಿನ ಗುಳಿಗಳಲ್ಲಿ ನಿಲ್ಲುವ ನೀರೇ ಅದರ ಊರು. ಸರ್ಕಾರದ ಕಾಗದಗಳಲ್ಲಿ ಇಂಥ ಪದವುಗಳಿಗೆ ಬಂಜರು ಭೂಮಿ ಎಂದು ಹೆಸರು. ಮಣ್ಣು ಸುರಿಯಲು, ಕಲ್ಲು ಕಡಿಯಲು, ಕಟ್ಟಡ ಏಳಿಸಲು ಅಡ್ಡಿಯಿಲ್ಲ. ಊರಿನಲ್ಲಿರುವ ನಮ್ಮ ಹಲವರ ಹಿರಿಯರ ಮನೆಗಳ ಗೋಡೆ ಕೂಡ ಆ ಕಲ್ಲಿನದೇ. ಬರುವ ಆಷಾಢದಲ್ಲಿ ಊರಿಗೆ ಹೋಗುವವರು ಸಂಜೆ ಮಳೆ ನಿಂತ ಮೇಲೆ ಪದವಿನ ಕಡೆ ಒಂದು ಸುತ್ತು ಹೋಗಿ, ಮಿಡತೆಯಂತೆ ಕೂಗುವುದನ್ನು ಕೇಳಿದರೆ ಕಾಲಿಡುವ ಮೊದಲು ನೆಲ ನೋಡಿಕೊಳ್ಳಬೇಕು. ಜೇಬಿನಲ್ಲಿ ದೂರವಾಣಿಯ ಕ್ಯಾಮೆರಾ ಹೇಗೂ ಇದ್ದೇ ಇರುತ್ತದೆ.